ಮಲೆನಾಡಿನ ಒಂಟಿ ಬೇಟೆಗಾರ

ಉತ್ತರ ಅಮೆರಿಕ ಖಂಡದ ಹಿಮದ ಸೀಮೆಗಳಲ್ಲಿ ಮೂಸ್ ಎಂಬ ಮಹಾಮೃಗವೊಂದುಂಟು. ಜಿಂಕೆಯ ಕುಲದಲ್ಲೆಲ್ಲ ಅದೇ ಅತಿ ದೊಡ್ಡದು. ದೊಡ್ಡ ಗಂಡಿನ ಹೆಗಲು ಆರಡಿಯ ಎತ್ತರವನ್ನು ಮೀರುತ್ತದೆ. ಅದರ ತೂಕ 500 ಕಿಲೋಗ್ರಾಮಿಗೂ ಹೆಚ್ಚು. ಆ ಖಂಡದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯನ್ನು ಕಹಳೆಯಂತೆ ಸುತ್ತಿ, ಅದರಲ್ಲಿ ಹೆಣ್ಣು ಮೂಸಿನ ಕೂಗನ್ನು ಕೂಗಿ, ಗಂಡನ್ನು ಹತ್ತಿರಕ್ಕೆ ಬರಮಾಡಿಕೊಳ್ಳುವ ವಿದ್ಯೆಯನ್ನು ಬಹುಕಾಲದಿಂದ ಬಲ್ಲವರು. ಜೊತೆಗಾರರಿಲ್ಲದೆ ಒಬ್ಬನೇ ಹಿಮದಲ್ಲಿ ಹೆಜ್ಜೆಯ ಗುರುತು ಹಿಡಿದು ಹೋಗಿ ಇಂಥ ಮೃಗವೊಂದನ್ನು ಕೆಡಹಿ ಬಂದವನ ವೃತ್ತಾಂತವನ್ನು ಓದುವಾಗ ನಮಗೆಲ್ಲ ಒಂದು ಬಗೆಯ ರೋಮಾಂಚವಾಗುವುದು ಸಹಜ. ಒಬ್ಬ ಮನುಷ್ಯ, ಒಂದು ಮೃಗ, ನಡುವೆ ನಿಶ್ಶಬ್ದವಾದ ಬಿಳಿಯ ಕಾಡು. ಚಿತ್ರ ಅಷ್ಟು ಸರಳವಾಗಿದೆ.

ಆದರೆ ಚಿತ್ರ ಸರಳವಾಗಿದ್ದಷ್ಟೂ ಚರಿತ್ರೆಯ ಅಭ್ಯಾಸಿಗೆ ಸಂಶಯ ಹೆಚ್ಚಬೇಕು. ಒಬ್ಬನೇ ಮಾಡಿದನೆಂದು ಹೇಳುವ ಕೆಲಸವನ್ನು ನಿಜವಾಗಿ ಒಬ್ಬನೇ ಮಾಡಿದನೆ? ಹಾಗೆಂದು ಹೇಳಿದವರಾರು? ಈ ಎರಡು ಪ್ರಶ್ನೆಗಳನ್ನು ಹಿಡಿದು, ಹಿಮದ ನಾಡನ್ನು ಬಿಟ್ಟು, ನಮ್ಮದೇ ಆದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಡಿನ ಕಡೆಗೆ ಶ್ರೋತೃಗಳನ್ನು ಕರೆದೊಯ್ಯಬೇಕೆಂಬುದು ನಮ್ಮ ಇಚ್ಛೆ. ನಮ್ಮಲ್ಲಿ ಹಿಮವಿಲ್ಲ, ಮಂಜುಂಟು. ಮೂಸ್ ಇಲ್ಲ, ಆದರೆ ಅದರ ದಾಯಾದಿಯಾದ ಕಡವೆಯುಂಟು. ಭಾರತದ ಜಿಂಕೆಗಳಲ್ಲಿ ಕಡವೆಯೇ ದೊಡ್ಡದು. ಬಲಿತ ಗಂಡುಕಡವೆ ಹೆಗಲಿನ ಬಳಿ ಸುಮಾರು ಐದಡಿ ಎತ್ತರ ನಿಲ್ಲುತ್ತದೆ. 250ರಿಂದ 300 ಕಿಲೋಗ್ರಾಮಿನವರೆಗೆ ತೂಗುತ್ತದೆ. ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರು ಕವಲು.

ಈ ಸೀಮೆಗೂ ಕೊಂಬಿಗೂ ಇರುವ ನಂಟು ಹೆಸರಿನಲ್ಲಿಯೇ ಅಡಗಿದೆ. ಶೃಂಗವೆಂದರೆ ಕೊಂಬು, ಶೃಂಗಗಿರಿಯೇ ಶೃಂಗೇರಿಯಾಯಿತೆಂದು ಹೇಳುತ್ತಾರೆ. ಹುಲ್ಲೆಯ ಬಸಿರಿನಲ್ಲಿ ಹುಟ್ಟಿ ತಲೆಯ ಮೇಲೆ ಕೊಂಬನ್ನು ಹೊತ್ತ ಋಷ್ಯಶೃಂಗ ಮುನಿಯ ಕಥೆ ರಾಮಾಯಣದಲ್ಲಿಯೂ ಮಹಾಭಾರತದಲ್ಲಿಯೂ ಬಂದಿದೆ. ಅವನ ತಂದೆ ವಿಭಾಂಡಕನ ನೆನಪು ಶೃಂಗೇರಿಯ ಮಲಹಾನಿಕರೇಶ್ವರನ ಗುಡಿಗೆ ಅಂಟಿಕೊಂಡಿದೆ. ಮಗನ ಗುಡಿ ಸಮೀಪದ ಕಿಗ್ಗದಲ್ಲಿದೆ. ಅಂಗದೇಶದ ದೊರೆ ರೋಮಪಾದನು ಬರಗಾಲವನ್ನು ನೀಗಲು ಈ ಮುನಿಯನ್ನು ವೇಶ್ಯೆಯರಿಂದ ಮರುಳುಗೊಳಿಸಿ ತರಿಸಿದನೆಂಬುದು ಕಥೆ. ಬೇಟೆಯನ್ನು ಬಲ್ಲವರು ಇದನ್ನು ಕೇಳಿದರೆ ನಸುನಗುವರು. ಸಾಕಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯ ನಮ್ಮವರಿಗೂ ಹೊಸದಲ್ಲ. ಹಾಗೆ ಸೆಳೆಯುವ ಮೃಗಕ್ಕೆ ಹಳಗನ್ನಡದಲ್ಲಿ ದೀವವೆಂದು ಹೆಸರು. ಮೂಸನ್ನು ಕೂಗಿ ಕರೆಯುವ ತೊಗಟೆಯ ಕಹಳೆಯೂ ಒಂದು ದೀವವೇ. ಮಳೆಗಾಗಿ ಇಂದಿಗೂ ಜನ ಮೊರೆಹೋಗುವ ಕಿಗ್ಗದ ದೇವರು, ಪುರಾಣದ ಮಾತಿನಲ್ಲಿ, ದೀವಕ್ಕೆ ಸಿಕ್ಕಿದ ಜಿಂಕೆಯ ಮಗ.

ಪುರಾಣವನ್ನು ಬಿಟ್ಟು ಶಾಸನಗಳ ಕಡೆಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಒಂಟಿ ಬೇಟೆಗಾರನೆಂದರೆ ಮೊದಲು ನೆನಪಾಗುವವನು ಸಳ. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಅಂದಿನ ಸೊಸೆವೂರು. ಅಲ್ಲಿನ ವಾಸಂತಿಕಾದೇವಿಯ ಸನ್ನಿಧಿಯಲ್ಲಿ ಹುಲಿಯೊಂದು ಮೇಲೆ ಬೀಳಲು, ಜೈನ ಮುನಿಯ "ಹೊಯ್ ಸಳ" ಎಂಬ ಅಪ್ಪಣೆಯಂತೆ ಸಳನು ಅದನ್ನು ಹೊಯ್ದು ಕೊಂದನೆಂದೂ, ಅದರಿಂದ ವಂಶಕ್ಕೆ ಹೊಯ್ಸಳವೆಂಬ ಹೆಸರು ಬಂತೆಂದೂ ಐತಿಹ್ಯ. 1117ರ ಬೇಲೂರು ಶಾಸನದ ಹೊತ್ತಿಗೆ ಈ ಕಥೆ ರಾಜವಂಶದ ಹೆಮ್ಮೆಯ ಮಾತಾಗಿತ್ತು. ಬೇಲೂರಿನ ಗುಡಿಯಲ್ಲಿ ಸಳನೂ ಮೃಗವೂ ಎದುರುಬದುರಾಗಿ ನಿಂತಿರುವ ವಿಗ್ರಹವನ್ನು ನೋಡದವರು ವಿರಳ. ಇದನ್ನು ನಡೆದ ಸಂಗತಿಯೆಂದು ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಕಥೆಯಲ್ಲಿ ಸಳನು ಒಂಟಿಯಲ್ಲ. ನೋಡುವುದಕ್ಕೂ ಹುರಿದುಂಬಿಸುವುದಕ್ಕೂ ಮುನಿಯೊಬ್ಬನಿದ್ದಾನೆ. ಅವನ ಕೂಗಿಲ್ಲದಿದ್ದರೆ ಹುಲಿ ಸತ್ತರೂ ಹೊಯ್ಸಳನೆಂಬ ಹೆಸರು ಹುಟ್ಟುತ್ತಿರಲಿಲ್ಲ. ಶಿಲ್ಪವು ಇಬ್ಬರನ್ನು ತೋರಿಸುತ್ತದೆ. ಕಥೆಗೆ ಮೂವರು ಬೇಕು.

ಇದಕ್ಕಿಂತ ಹಳೆಯದೂ ಹೆಚ್ಚು ನಂಬತಕ್ಕದ್ದೂ ಆದ ದಾಖಲೆ ಮದ್ದೂರು ಸೀಮೆಯ ಆತಕೂರಿನ ಕಲ್ಲು. ಇದು ಶಕವರ್ಷ 872ರದು, ಎಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ತರುವಾಯ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನ ಸೇವಕನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳಲು, ಮಣಲೇರನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದುಕೊಂಡು ಸತ್ತವು. ಮಣಲೇರನು ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಿಸಿದನು. ಬೇಟೆಯ ಕೀರ್ತಿಯನ್ನು ಒಡೆಯನು ತಾನೇ ಇಟ್ಟುಕೊಳ್ಳದೆ, ನಿಜವಾಗಿ ಹೋರಾಡಿದ ಪ್ರಾಣಿಗೆ ಕೊಟ್ಟ ಇಂಥ ನಿದರ್ಶನ ನಮಗೆ ಬಹಳ ಅಪರೂಪವಾಗಿ ಕಾಣುತ್ತದೆ. ಅರಸರಿಗೆ ಮೃಗಯೆ ಒಂದು ವಿನೋದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅದಕ್ಕೊಂದು ಪ್ರಕರಣವೇ ಉಂಟು. ಆದರೆ ಅರಸನ ಬೇಟೆಯಲ್ಲಿ ಅಡವಿಗಿಳಿದವರ ಹೆಸರುಗಳನ್ನು ಕೆತ್ತುವ ವಾಡಿಕೆ ಕಡಮೆ.

ಮಲೆನಾಡಿನ ಒಕ್ಕಲಿನ ಬೇಟೆ ಅರಸರ ವಿನೋದದಂತಲ್ಲ. ಅದರಲ್ಲಿ ಎರಡು ಬಗೆ. ಒಂದು ಊರೊಟ್ಟಿನ ಬೇಟೆ. ಕೋವಿ ಹಿಡಿದವರು ಕಾಡಿನ ಕಂಡಿಗಳಲ್ಲಿ ಬಿಲ್ಲಿಗೆ ನಿಲ್ಲುವರು. ಉಳಿದವರು ನಾಯಿಗಳೊಡನೆ ಹಳುವಿಗೆ ನುಗ್ಗಿ, ಕೂಗಿಟ್ಟು, ಮೃಗಗಳನ್ನು ಬಿಲ್ಲಿನ ಕಡೆಗೆ ಸೋವುವರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಮಲೆನಾಡಿನ ಚಿತ್ರಗಳು (1933), ಕಾನೂರು ಹೆಗ್ಗಡಿತಿ (1936) ಇವುಗಳನ್ನು ಓದಿದವರಿಗೆ ಮಲೆನಾಡಿನ ಬೇಟೆಯ ಸಡಗರ ಅಪರಿಚಿತವಲ್ಲ. ಎರಡನೆಯದು ಮರಸು ಕೂರುವುದು. ಹಣ್ಣು ಉದುರುವ ನೆಲ್ಲಿಯ ಮರದ ಬಳಿಯೋ, ಪ್ರಾಣಿಗಳು ಉಪ್ಪು ಮಣ್ಣನ್ನು ನೆಕ್ಕುವ ಎಡೆಯಲ್ಲೋ, ಪೈರು ಬಲಿತ ಗದ್ದೆಯ ಅಂಚಿನಲ್ಲೋ, ಒಬ್ಬನೇ ಮರವೇರಿ ಮಾತಿಲ್ಲದೆ ಕೆಮ್ಮಿಲ್ಲದೆ ರಾತ್ರಿ ಕಳೆಯುವುದು. ಹಳುವಿನ ಬೇಟೆಗೆ ಹಬ್ಬದ ಲಕ್ಷಣವಿತ್ತು. ಮರಸಿಗೆ ಕಾವಲಿನ ಲಕ್ಷಣವಿತ್ತು. ವರ್ಷದ ಅನ್ನವನ್ನು ಒಂದು ರಾತ್ರಿಯಲ್ಲಿ ಮೇದುಹೋಗುವ ಕಡವೆ ಹಂದಿಗಳ ಮುಂದೆ ಬಡ ಒಕ್ಕಲಿಗನಿಗೆ ಬೇರೆ ದಾರಿ ಇರಲಿಲ್ಲ.

ಮರಸು ಕೂರುವುದು ಸುಲಭವೆಂದು ತಿಳಿಯಬಾರದು. ಕಡವೆಯ ಕಣ್ಣಿಗಿಂತ ಅದರ ಮೂಗೂ ಕಿವಿಯೂ ಬಹಳ ಚುರುಕು. ಗಾಳಿ ಬೇಟೆಗಾರನಿಂದ ಮೃಗದ ಕಡೆಗೆ ಬೀಸಿತೆಂದರೆ ಆ ರಾತ್ರಿಯ ಕೆಲಸ ಮುಗಿದಂತೆಯೇ. ಅನುಮಾನ ಬಂದ ಕಡವೆ ಮುಂಗಾಲಿನಿಂದ ನೆಲವನ್ನು ತಟ್ಟುತ್ತದೆ. ಆಮೇಲೆ ಒಂದೇ ಬಾರಿಗೆ ಒಡೆದಂತೆ ಕೂಗುತ್ತದೆ. ಆ ಕೂಗಿಗೆ ಸುತ್ತಣ ಕಾಡೆಲ್ಲ ಎಚ್ಚರಗೊಳ್ಳುತ್ತದೆ. ಆಗಿನ ಒಕ್ಕಲಿಗರಲ್ಲಿ ಹೆಚ್ಚಿನವರ ಬಳಿ ಇದ್ದುದು ಕೇಪಿನ ಕೋವಿ. ಬಾಯಿಯಿಂದ ಮಸಿ ತುಂಬಿ, ಗುಂಡನ್ನು ಗಜದಿಂದ ಜಡಿದು, ಕೇಪಿಟ್ಟು ಕಾಯಬೇಕು. ಮಂಜಿನ ತೇವಕ್ಕೆ ಕೇಪು ಹತ್ತದೆ ಹೋದರೆ ಎರಡನೆಯ ಈಡಿಗೆ ಅವಕಾಶವಿಲ್ಲ. ಆದುದರಿಂದ ಒಂದೇ ಗುಂಡಿಗೆ ಬೀಳುವಷ್ಟು ಹತ್ತಿರಕ್ಕೆ ಮೃಗವನ್ನು ಬರಗೊಡುವ ತಾಳ್ಮೆ ಬೇಕಾಗಿತ್ತು.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳುವುದಕ್ಕೆ ಶ್ರೋತೃಗಳು ಅನುಮತಿ ಕೊಡಬೇಕು. ಕೊಪ್ಪದ ಸಮೀಪದಲ್ಲಿದ್ದ ನಮ್ಮ ಹಳೆಯ ಮನೆಯ ಜಗಲಿಯ ಗೋಡೆಯಲ್ಲಿ ಎರಡು ದಪ್ಪ ಮೊಳೆಗಳಿದ್ದುವು. ಅವುಗಳ ಮೇಲೆ ಹಿಂದೆ ದೊಡ್ಡದೊಂದು ಕಡವೆಯ ಕೊಂಬಿತ್ತಂತೆ. ಕಾಯಿದೆ ಬಂದ ತರುವಾಯ ಅಜ್ಜಯ್ಯ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿದ್ದರು. ನಾವು ಕಂಡದ್ದು ಮೊಳೆಗಳನ್ನು ಮಾತ್ರ. ಕಥೆಯನ್ನು ಕೇಳಿದ್ದು ಅವರ ಬಾಯಿಂದಲೇ. 1950ರ ಸುಮಾರಿನ ಒಂದು ಮಾರ್ಗಶಿರ ಮಾಸದಲ್ಲಿ ಗದ್ದೆಯ ಪೈರು ಕೊಯ್ಲಿಗೆ ಬಂದಿತ್ತು. ಮೂರು ರಾತ್ರಿ ಕಡವೆಗಳು ಬಂದು ಮೇದು ಹೋಗಿದ್ದುವು. ನಾಲ್ಕನೆಯ ರಾತ್ರಿ ಅಜ್ಜಯ್ಯ ಒಬ್ಬರೇ ಗದ್ದೆಯ ತಲೆಯಲ್ಲಿದ್ದ ಮರದಲ್ಲಿ ಮರಸು ಕೂತರು. ನಡುರಾತ್ರಿ ಕಳೆದ ಮೇಲೆ ಮಂಜಿನಲ್ಲಿ ಮೊದಲು ಎರಡು ಹೆಣ್ಣು ಬಂದುವು. ಬಹಳ ಹೊತ್ತಿನ ಮೇಲೆ, ಕಾಡಿನ ಅಂಚಿನಲ್ಲಿ ನಿಂತು ನಿಂತು, ಗಂಡು ಇಳಿಯಿತು. ಈಡಾದೊಡನೆ ಅದು ಹಾರಿ ಹಳ್ಳದ ಕಡೆಗೆ ಓಡಿತು. ಅಜ್ಜಯ್ಯ ಕೂಡಲೇ ಇಳಿಯಲಿಲ್ಲ. ಗಾಯಗೊಂಡ ಮೃಗವನ್ನು ಕತ್ತಲಲ್ಲಿ ಬೆನ್ನಟ್ಟಿದರೆ ಅದು ಇನ್ನೂ ದೂರ ಓಡುತ್ತದೆ. ಬಿಟ್ಟರೆ ಸಮೀಪದಲ್ಲಿಯೇ ಮಲಗುತ್ತದೆ. ಬೆಳಗಾದ ಮೇಲೆ ಎಲೆಗಳ ಮೇಲಿನ ರಕ್ತವನ್ನು ನೋಡಿದರು. ನೊರೆ ಬೆರೆತ ತಿಳಿಗೆಂಪು ರಕ್ತ. ಗುಂಡು ಪುಪ್ಪುಸಕ್ಕೆ ತಗುಲಿದ ಗುರುತು. ಎರಡು ಫರ್ಲಾಂಗು ನಡೆಯುವಷ್ಟರಲ್ಲಿ ಕಡವೆ ಹಳ್ಳದ ನೀರಿನಲ್ಲಿ ಸತ್ತು ಬಿದ್ದಿತ್ತು.

ಇತರರು ಕಥೆಯನ್ನು ಇಲ್ಲಿಗೆ ನಿಲ್ಲಿಸುವರು. ಅಜ್ಜಯ್ಯ ಇಲ್ಲಿಂದ ಆರಂಭಿಸುತ್ತಿದ್ದರು. ಹಳ್ಳದಲ್ಲಿ ಬಿದ್ದ ಆ ದೇಹವನ್ನು ಅವರೊಬ್ಬರಿಂದ ಅಲುಗಿಸಲೂ ಆಗಲಿಲ್ಲ. ಊರಿಗೆ ಹೋಗಿ ಕೂಗಿ ಕರೆತರಬೇಕಾಯಿತು. ಎಂಟು ಜನ ಬಂದರು. ಅವರಲ್ಲಿ ಇಬ್ಬರ ಮನೆಗೂ ನಮ್ಮ ಮನೆಗೂ ಗದ್ದೆಯ ನೀರಿನ ವಿಷಯದಲ್ಲಿ ಮಾತು ಬಿಟ್ಟು ವರ್ಷವಾಗಿತ್ತು. ಗಳುವಿಗೆ ಕಟ್ಟಿ, ಹೆಗಲು ಬದಲಾಯಿಸುತ್ತ, ಮಧ್ಯಾಹ್ನದ ಹೊತ್ತಿಗೆ ಏರು ಹತ್ತಿ ತಂದರು. ತಲೆಯೂ ಒಂದು ತೊಡೆಯೂ ಹೊಡೆದವರಿಗೆ. ಉಳಿದುದು ಹೊತ್ತವರಿಗೂ ಊರಿನ ಮನೆಮನೆಗೂ ಪಾಲಾಯಿತು. ನೀರಿನ ಜಗಳದ ಮನೆಗಳಿಗೂ ಪಾಲು ಹೋಯಿತು. "ಹೊಡೆದವನು ನಾನಪ್ಪ, ತಂದವರು ಊರವರು" ಎಂಬುದು ಅಜ್ಜಯ್ಯನ ಪಲ್ಲವಿಯಾಗಿತ್ತು.

ಇದರಲ್ಲಿ ಸಜ್ಜನಿಕೆಯ ಜೊತೆಗೆ ಹವೆಯ ಪ್ರಭಾವವೂ ಉಂಟೆಂದು ನಾವು ಭಾವಿಸುತ್ತೇವೆ. ಹಿಮದ ನಾಡಿನಲ್ಲಿ ಚಳಿಯೇ ಉಗ್ರಾಣ. ಒಂಟಿ ಬೇಟೆಗಾರ ಮೂಸನ್ನು ಅಲ್ಲಿಯೇ ಕಡಿದು, ಮರಕ್ಕೆ ತೂಗುಹಾಕಿ, ಒಂದೊಂದು ಹೊರೆಯನ್ನು ಬೆನ್ನಮೇಲೆ ಹೊತ್ತು ಹಲವು ದಿನ ಸಾಗಿಸಬಹುದು, ಮಾಂಸ ಕೆಡುವುದಿಲ್ಲ. ಮಲೆನಾಡಿನ ತೇವದಲ್ಲಿ ಬೆಳಗ್ಗೆ ಸತ್ತ ಮೃಗ ಸಂಜೆಗೆ ಹಂಚಿಹೋಗಬೇಕು. ಒಂದು ಮನೆ ತಿಂದು ಮುಗಿಸಲಾರದು, ಇಟ್ಟುಕೊಳ್ಳಲೂ ಆರದು. ಹಿಮವು ಮನುಷ್ಯನಿಗೆ ಒಂಟಿಯಾಗಿರಲು ಅವಕಾಶ ಕೊಡುತ್ತದೆ. ನಮ್ಮ ಹವೆ ಕೊಡುವುದಿಲ್ಲ. ಆದರೂ ಆ ನಾಡಿನವರು ಹೊರುವ ಕಷ್ಟವನ್ನು ಮರೆತವರಲ್ಲ. ಅಲಾಸ್ಕದಲ್ಲಿ ತಿನ್ನತಕ್ಕ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ಮಾಂಸವನ್ನು ಸಾಗಿಸುವುದಕ್ಕೆ ಮೊದಲು ಕೊಂಬನ್ನು ಹೊತ್ತುತರುವಂತಿಲ್ಲ. ಕೊಂಬು ಒಬ್ಬನ ಕೀರ್ತಿ, ಮಾಂಸ ಹಲವರ ಅನ್ನ. ಯಾವುದು ಮೊದಲು ಮನೆಗೆ ಬರಬೇಕೆಂಬುದನ್ನು ಅಲ್ಲಿ ಕಾಯಿದೆ ಹೇಳಿತು, ಇಲ್ಲಿ ಹವೆ ಹೇಳಿತು.

ಒಂಟಿ ಬೇಟೆಗೆ ಇನ್ನೊಂದು ಕೊರತೆಯುಂಟು: ಅದಕ್ಕೆ ಸಾಕ್ಷಿಯಿಲ್ಲ. ಅಜ್ಜಯ್ಯನಿಗೆ ವಯಸ್ಸಾದ ಮೇಲೆ ಒಂದು ಮಳೆಗಾಲದ ಸಂಜೆ, ಯಾರೂ ಕೇಳದೆ, ಇನ್ನೊಂದು ಕಡವೆಯ ಸಂಗತಿಯನ್ನು ಹೇಳಿದರು. ಕೊಂಬಿನ ಕಡವೆಗೆ ಎರಡು ವರ್ಷ ಮೊದಲು ಅವರು ಹೀಗೆಯೇ ಒಬ್ಬರೇ ಕೂತು ಇನ್ನೊಂದನ್ನು ಹೊಡೆದಿದ್ದರು. ಬೆಳಗ್ಗೆ ನೋಡಿದರೆ ಎಲೆಯ ಮೇಲೆ ಕಪ್ಪಿಟ್ಟ ರಕ್ತ. ಗುಂಡು ಈಲಿಗೋ ಹೊಟ್ಟೆಗೋ ತಗುಲಿತ್ತು. ಅಂಥ ಮೃಗ ಬಹಳ ದೂರ ಹೋಗಿ ಬಹಳ ಹೊತ್ತು ನರಳಿ ಸಾಯುತ್ತದೆ. ದಿನವೆಲ್ಲ ಹುಡುಕಿ ಕೊನೆಗಾಣಿಸುವುದು ಬೇಟೆಗಾರನ ಧರ್ಮ. ಅಷ್ಟರಲ್ಲಿ ಅಕಾಲದ ಮಳೆ ಬಂದು ರಕ್ತ ತೊಳೆದುಹೋಯಿತು. ಕೊಯ್ಲಿನ ಆಳುಗಳು ಕಾಯುತ್ತಿದ್ದರು. ಹೊಡೆದದ್ದು ಯಾರಿಗೂ ತಿಳಿಯದು. ಅವರು ಮನೆಗೆ ಹಿಂತಿರುಗಿದರು. ಮೂರನೆಯ ದಿನ ದೂರದ ಕಾನಿನ ಮೇಲೆ ಹದ್ದುಗಳು ಸುತ್ತುವುದನ್ನು ಕಂಡರು. "ನಾಲ್ಕು ಜನ ಜೊತೆಗಿದ್ದಿದ್ದರೆ ಹುಡುಕದೆ ಬರಲು ನಾಚಿಕೆಯಾಗುತ್ತಿತ್ತು" ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ಚರಿತ್ರೆಯನ್ನು ಪಾಠಹೇಳುವ ನಮಗೆ ಅದು ಒಂದು ಪ್ರಮಾಣಸೂತ್ರದಂತೆಯೂ ಆಗಿದೆ. ಸಫಲವಾದ ಬೇಟೆಗೆ ಗೋಡೆಯ ಮೇಲೆ ಕೊಂಬುಂಟು. ವಿಫಲವಾದುದಕ್ಕೆ ಮೊಳೆಯೂ ಇಲ್ಲ. ಬೇಟೆಯ ಪುಸ್ತಕಗಳನ್ನು ಓದುವಾಗ ಗೋಡೆಯ ಮೇಲೆ ಬಾರದ ಮೃಗಗಳೆಷ್ಟೆಂದು ಕೇಳಿಕೊಳ್ಳಬೇಕು.

ಅಂಥ ಪುಸ್ತಕಗಳು ನಮ್ಮ ಸೀಮೆಗೆ ಅಪರೂಪವಲ್ಲ. ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ ಎಲಿಯಟ್ ದೊರೆ 1894ರಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ಕಾಫಿ, ಚಿನ್ನಗಳ ಜೊತೆಗೆ ಬೇಟೆಗೂ ಸ್ಥಾನವುಂಟು. ಕೆನೆತ್ ಆಂಡರ್ಸನ್ (1910-1974) ಹುಲಿ ಚಿರತೆಗಳಿಗಾಗಿ ಅಟ್ಟಣೆಯ ಮೇಲೆ ಒಬ್ಬನೇ ಕಳೆದ ರಾತ್ರಿಗಳ ವೃತ್ತಾಂತವನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದು ಮನೆಮಾತಾಗಿಸಿದರು. ಆದರೆ ಅಟ್ಟಣೆ ಕಟ್ಟಿದವರಾರು, ಹೆಜ್ಜೆಯನ್ನು ಮೊದಲು ಗುರುತಿಸಿದವರಾರು ಎಂದು ಹುಡುಕಿದರೆ, ಒಂಟಿ ಬೇಟೆಗಾರನ ಸುತ್ತ ಹಳ್ಳಿಯೇ ನಿಂತಿರುವುದು ಕಾಣುತ್ತದೆ.

ಕಾಡಿನ ಸಂಪತ್ತು ಅಕ್ಷಯವಲ್ಲವೆಂಬ ಅರಿವು ಆಳುವವರಿಗೆ ನಿಧಾನವಾಗಿ ಬಂತು. ಹುಲಿಯನ್ನು ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲವೊಂದಿತ್ತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನನ್ನೂ ಕಾಪಾಡುವ ರೆಗ್ಯುಲೇಷನ್ ಜಾರಿಗೆ ಬಂತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ 1915ರಲ್ಲಿ ಎಡೇಹಳ್ಳಿ ನರಸಿಂಹರಾಜಪುರವಾದಾಗ ಸುತ್ತ ದಟ್ಟವಾದ ಕಾಡಿತ್ತು. ಆ ಸೀಮೆಯ ತಗ್ಗುಗಳನ್ನು ಮುಂದೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ಆವರಿಸಿತು. 1951ರಲ್ಲಿ ಜಾಗರ ಕಣಿವೆ ಮೃಗರಕ್ಷಣೆಯ ಕಾಡಾಯಿತು. 1974ರಲ್ಲಿ ಲಕ್ಕವಳ್ಳಿಯ ಕಾಡುಗಳೂ ಸೇರಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಮಾಡಿತು. 1991ರ ತಿದ್ದುಪಡಿಯಿಂದ ಪರವಾನಗಿಯ ಬೇಟೆಯೂ ನಿಂತಿತು. 2001-02ರ ಸುಮಾರಿಗೆ ಭದ್ರೆಯ ಕಾಡಿನೊಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು ತಮ್ಮ ಗದ್ದೆ ಮನೆಗಳನ್ನು ಬಿಟ್ಟು ಹೊರಗೆ ಬಂದು ನೆಲಸಿದುವು.

ಇದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಬೇಟೆ ನಿಂತದ್ದಕ್ಕಾಗಿ ಹಲುಬುವವರ ಗುಂಪಿಗೆ ನಾವು ಸೇರಿದವರಲ್ಲ. ಕೋವಿಗಳು ಹೆಚ್ಚಿ ಕಾಡು ಕಿರಿದಾದ ಮೇಲೆ ಹಳೆಯ ಪದ್ಧತಿಯನ್ನು ಮುಂದುವರಿಸಿದ್ದರೆ ಇಂದು ಕಡವೆಯ ಕೂಗು ಕೇಳುತ್ತಿರಲಿಲ್ಲ. ಆದರೆ ರಕ್ಷಣೆಗೂ ಬೇಟೆಯ ನಿಯಮವೇ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಉಳಿದ ಕಡವೆಯ ಕೀರ್ತಿ ಕಾಯಿದೆಗೆ ಸಂದರೆ, ಅದರ ಹೊರೆ ಗದ್ದೆಯ ಪೈರನ್ನು ಕಳೆದುಕೊಂಡವನ ಹೆಗಲಿಗೂ, ಊರನ್ನು ಬಿಟ್ಟವನ ಹೆಗಲಿಗೂ, ಮಳೆಯಲ್ಲಿ ಕಾಡು ಸುತ್ತುವ ಕಾವಲುಗಾರನ ಹೆಗಲಿಗೂ ಬಿದ್ದಿದೆ. ಕೊಂಬು ಯಾರ ಗೋಡೆಯಲ್ಲಿದೆಯೆಂದು ಕೇಳುವಷ್ಟೇ ಆಸಕ್ತಿಯಿಂದ ಗಳುವಿಗೆ ಹೆಗಲು ಕೊಟ್ಟವರಾರೆಂದೂ ಪಟ್ಟಣದವರಾದ ನಾವು ಕೇಳಬೇಕು. ಅವರಿಗೆ ಸಲ್ಲುವ ಪಾಲು ಸಂದಿದೆಯೇ ಎಂದೂ ಕೇಳಬೇಕು. ಮಣಲೇರನು ಒಂದು ನಾಯಿಗೆ ಅಷ್ಟನ್ನು ಮಾಡಿದ್ದನು.

ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಬಳಿ ಮೊಳಗಟ್ಟಲೆ ಉದ್ದದ ಮೀನುಗಳು ಯಾತ್ರಿಕರ ಕೈಯ ಪುರಿಯನ್ನು ತಿನ್ನಲು ಗುಂಪುಗೂಡುವುದನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಅವನ್ನು ಅಲ್ಲಿ ಯಾರೂ ಹಿಡಿಯುವುದಿಲ್ಲ. ಬೇಟೆಯ ನಾಡಿನ ನಡುವೆಯೇ ಬೇಟೆಯಿಲ್ಲದ ಮಡುವೊಂದು ಹೀಗೆ ಉಳಿದುಬಂದಿದೆ. ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಕಡವೆಯೊಂದನ್ನು ಕೊಲ್ಲಬಲ್ಲ. ಆದರೆ ಈ ಮೀನನ್ನು ಉಳಿಸಿದ್ದು ದಡಕ್ಕೆ ಬಂದವರೆಲ್ಲರೂ ತಲೆಮಾರುಗಳ ಕಾಲ ತಮ್ಮ ಕೈಯನ್ನು ತಡೆದುಕೊಂಡದ್ದರಿಂದ. ಅಜ್ಜಯ್ಯ ಶೃಂಗೇರಿಗೆ ಹೋದಾಗಲೆಲ್ಲ ಆ ಮೆಟ್ಟಿಲುಗಳ ಮೇಲೆ ಬಹಳ ಹೊತ್ತು ಕುಳಿತಿರುತ್ತಿದ್ದರು. ಹುಡುಗರಾದ ನಮಗೆ ಬೇಸರವಾಗುತ್ತಿತ್ತು. ಅವರು ಮರಸು ಕೂತವರಂತೆ ಅಲುಗದೆ ನೀರನ್ನೇ ನೋಡುತ್ತಿದ್ದರು. ಪುರಿ ಮುಗಿದ ಮೇಲೆ ಬರಿಗೈಯನ್ನು ನೀರಿಗೆ ತೋರಿಸಿ, ಎದ್ದು ಹೊರಡುತ್ತಿದ್ದರು.